ಟ್ರೇಲರ್ ಎಳೆಯುವವರ ಪರವಾನಗಿ: ಕಾನೂನು ಹಿಂದಿನ ಭಾರವನ್ನೂ ತೂಗಲಿ

ಮಾನ್ಯ ಸಂಪಾದಕರೇ,

ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಬೆಳಗಾವಿ, ಬಾಗಲಕೋಟೆ, ಮಂಡ್ಯ ಜಿಲ್ಲೆಗಳ ರಸ್ತೆಗಳಲ್ಲಿ ಹಗಲು ರಾತ್ರಿ ಟ್ರ್ಯಾಕ್ಟರುಗಳದೇ ಸಾಲು. ಒಂದೊಂದು ಟ್ರ್ಯಾಕ್ಟರಿನ ಹಿಂದೆ ಒಂದು, ಎಷ್ಟೋ ಸಲ ಎರಡು ಟ್ರೇಲರುಗಳಿರುತ್ತವೆ. ಅವುಗಳ ಮಿತಿಮೀರಿದ ಹೇರು, ಉರಿಯದ ಹಿಂಬದಿ ದೀಪ, ಕಾರ್ಖಾನೆ ಮುಂದಿನ ದಟ್ಟಣೆ ಇವುಗಳ ಬಗ್ಗೆ ಪತ್ರಿಕೆಗಳಲ್ಲಿ ಪ್ರತಿ ವರ್ಷ ಸುದ್ದಿ ಬರುತ್ತದೆ. ಆದರೆ ಆ ಭಾರವನ್ನು ಎಳೆದು ತರುವ ಚಾಲಕನಿಗೆ ಯಾವ ಪರವಾನಗಿ ಬೇಕು, ಅದನ್ನು ಕೊಡುವ ಮೊದಲು ಅವನ ಯಾವ ಕೌಶಲವನ್ನು ಪರೀಕ್ಷಿಸಲಾಗುತ್ತದೆ ಎಂಬ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ಟ್ರ್ಯಾಕ್ಟರ್ ಇಟ್ಟುಕೊಂಡಿರುವ ಕೃಷಿಕ ಕುಟುಂಬಕ್ಕೆ ಸೇರಿದವನಾಗಿ ಈ ಪ್ರಶ್ನೆಯನ್ನು ಎತ್ತುವುದು ನನ್ನ ಕರ್ತವ್ಯವೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇನೆ.

1988ರ ಮೋಟಾರು ವಾಹನ ಕಾಯ್ದೆಯಲ್ಲಿ ಲಘು ಮೋಟಾರು ವಾಹನಕ್ಕೆ ಕೊಟ್ಟಿರುವ ವ್ಯಾಖ್ಯೆಯನ್ನು ಗಮನವಿಟ್ಟು ಓದಬೇಕು. ಸಾರಿಗೆ ವಾಹನವಾದರೆ ಸರಕು ಸೇರಿದ ಒಟ್ಟು ತೂಕ 7,500 ಕೆ.ಜಿ. ಮೀರಬಾರದು. ಟ್ರ್ಯಾಕ್ಟರ್ ಆದರೆ ಅದರ ಖಾಲಿ ತೂಕ ಮಾತ್ರ 7,500 ಕೆ.ಜಿ. ಒಳಗಿದ್ದರೆ ಸಾಕು. ನಮ್ಮ ರೈತರು ಬಳಸುವ ಸಾಮಾನ್ಯ ಟ್ರ್ಯಾಕ್ಟರಿನ ತೂಕ ಎರಡು ಟನ್ನಿನ ಆಸುಪಾಸು. ಹೀಗಾಗಿ ಅದು ಸದಾ ಲಘು ವಾಹನವೇ. ಅದರ ಹಿಂದೆ ಕಟ್ಟಿದ ಟ್ರೇಲರಿನಲ್ಲಿ ಅದರ ನಾಲ್ಕೈದು ಪಟ್ಟು ಭಾರದ ಕಬ್ಬೋ ಮರಳೋ ಜಲ್ಲಿಯೋ ತುಂಬಿದ್ದರೂ ಚಾಲಕನ ಪರವಾನಗಿಯ ಲೆಕ್ಕಕ್ಕೆ ಆ ಭಾರ ಬರುವುದಿಲ್ಲ.

ಇದರ ಪರಿಣಾಮವೇನೆಂದರೆ, ಒಟ್ಟು ತೂಕ 7,500 ಕೆ.ಜಿ. ದಾಟುವ ಲಾರಿಯನ್ನು ಓಡಿಸಬೇಕೆನ್ನುವ ವ್ಯಕ್ತಿಗೆ 20 ವರ್ಷ ತುಂಬಿರಬೇಕು, ಕಲಿಕಾ ಪರವಾನಗಿಗೆ ಅರ್ಜಿ ಹಾಕುವ ಮೊದಲೇ ಲಘು ವಾಹನದ ಪರವಾನಗಿ ಪಡೆದು ಒಂದು ವರ್ಷವಾಗಿರಬೇಕು, ಬಳಿಕ ಸಾರಿಗೆ ವಾಹನದ ಪರವಾನಗಿಯನ್ನು ಪ್ರತ್ಯೇಕವಾಗಿ ಪಡೆಯಬೇಕು. ಅಷ್ಟೇ ಭಾರವನ್ನು, ಅದಕ್ಕಿಂತ ಹೆಚ್ಚಿನದನ್ನೂ, ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಹೆದ್ದಾರಿಗೆ ಇಳಿಯಲು 18 ವರ್ಷದ ಯುವಕನಿಗೆ ಇಂದು ಪಡೆದ ಪರವಾನಗಿಯೇ ಸಾಕಾಗುತ್ತದೆ. ಲಾರಿಯ ಚಕ್ರಗಳಿಗೆಲ್ಲ ಬ್ರೇಕ್ ಇರುತ್ತದೆ. ಟ್ರ್ಯಾಕ್ಟರಿನ ಹಿಂದೆ ಬರುವ ಅನೇಕ ಟ್ರೇಲರುಗಳಿಗೆ ಸ್ವಂತ ಬ್ರೇಕ್ ಇರುವುದೇ ಇಲ್ಲ. ಹೆಚ್ಚು ಅಪಾಯದ ಕೆಲಸಕ್ಕೆ ಕಡಿಮೆ ಅರ್ಹತೆ ಸಾಕೆನ್ನುವ ಈ ವ್ಯವಸ್ಥೆಯನ್ನು ನಾನು ಎಷ್ಟು ಯೋಚಿಸಿದರೂ ಸಮರ್ಥಿಸಿಕೊಳ್ಳಲಾರೆ.

ಈ ವಿಷಯದಲ್ಲಿ ಸುಪ್ರೀಂ ಕೋರ್ಟ್ ಹಲವು ಬಾರಿ ತೀರ್ಪು ಕೊಟ್ಟಿದೆ. 2001ರ ನಾಗಶೆಟ್ಟಿ ಪ್ರಕರಣದಲ್ಲಿ, ಟ್ರೇಲರ್ ಜೋಡಿಸಿ ಸರಕು ಸಾಗಿಸಿದ ಮಾತ್ರಕ್ಕೆ ಟ್ರ್ಯಾಕ್ಟರ್ ಚಾಲಕನ ಪರವಾನಗಿ ಅಮಾನ್ಯವಾಗುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಆದರೆ 2005ರಲ್ಲಿ ಕರ್ನಾಟಕ ಸರ್ಕಾರ ಪ್ರತಿವಾದಿಯಾಗಿದ್ದ ಇನ್ನೊಂದು ಪ್ರಕರಣದಲ್ಲಿ, ರಹದಾರಿಯ (ವಾಹನದ ಪರ್ಮಿಟ್‌ನ) ವಿಷಯ ಬಂದಾಗ, ಟ್ರ್ಯಾಕ್ಟರ್ ಮತ್ತು ಟ್ರೇಲರ್ ಕೂಡಿದರೆ ಅದು ಸರಕು ಸಾಗಣೆ ವಾಹನ, ಆದ್ದರಿಂದ ಸಾರಿಗೆ ವಾಹನ ಎಂದಿತು. ಹೀಗೆ ಒಂದೇ ಜೋಡಿ ವಾಹನ ರಹದಾರಿಯ ಮಟ್ಟಿಗೆ ಸಾರಿಗೆ ವಾಹನ, ಚಾಲಕನ ಮಟ್ಟಿಗೆ ಬರೀ ಟ್ರ್ಯಾಕ್ಟರ್. ಎರಡೂ ತೀರ್ಪುಗಳು ತಮ್ಮ ತಮ್ಮ ಸಂದರ್ಭದಲ್ಲಿ ಸರಿಯೇ ಇರಬಹುದು. ಅವುಗಳ ನಡುವಿನ ಬಿರುಕನ್ನು ಮುಚ್ಚಬೇಕಾದದ್ದು ಶಾಸಕಾಂಗ. ಇಷ್ಟು ವರ್ಷವಾದರೂ ಆ ಕೆಲಸ ಆಗಿಲ್ಲ.

2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ನೀಡಿದ ತೀರ್ಪು, ಲಘು ವಾಹನದ ಪರವಾನಗಿ ಉಳ್ಳವರು 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನು ಪ್ರತ್ಯೇಕ ಅನುಮತಿಯಿಲ್ಲದೆ ಓಡಿಸಬಹುದೆಂದು ಖಚಿತಪಡಿಸಿ, 2017ರ ಮುಕುಂದ್ ದೇವಾಂಗನ್ ತೀರ್ಪನ್ನು ಎತ್ತಿಹಿಡಿಯಿತು. ಸಾವಿರಾರು ಬಡ ಚಾಲಕರ ಜೀವನೋಪಾಯವನ್ನೂ, ವಿಮಾ ಕಂಪನಿಗಳು ತಾಂತ್ರಿಕ ಕಾರಣ ಮುಂದೊಡ್ಡಿ ಪರಿಹಾರ ತಪ್ಪಿಸುವುದನ್ನೂ ಗಮನದಲ್ಲಿಟ್ಟು ನೋಡಿದರೆ ಅದು ಸ್ವಾಗತಾರ್ಹವೇ. ಆ ವಿಚಾರಣೆಯಲ್ಲಿ ಪೀಠ ಗುರುತಿಸಿದ ಒಂದು ಅಂಶ ಮಾತ್ರ ನನ್ನನ್ನು ಬಹಳ ಕಾಡಿದೆ: ಇಂತಹ ಪರವಾನಗಿ ಹೊಂದಿದವರು ಸಾರಿಗೆ ವಾಹನ ಓಡಿಸುವುದರಿಂದ ಅಪಘಾತ ಹೆಚ್ಚುತ್ತದೆ ಎಂಬುದಕ್ಕೆ ಯಾರೂ ಅಂಕಿಅಂಶವನ್ನೇ ಒದಗಿಸಿರಲಿಲ್ಲ. ದೇಶದ ಅತ್ಯುನ್ನತ ನ್ಯಾಯಾಲಯದ ಮುಂದೆ ಇಡಲು ಬೇಕಾದ ಮಾಹಿತಿ ನಮ್ಮಲ್ಲಿ ಇಲ್ಲವೆಂದರೆ ಅದು ಪೊಲೀಸ್ ಮತ್ತು ಸಾರಿಗೆ ಇಲಾಖೆಗಳೆರಡೂ ತಲೆ ಕೆಡಿಸಿಕೊಳ್ಳಬೇಕಾದ ಸಂಗತಿ. ಪ್ರತಿ ಅಪಘಾತದಲ್ಲಿ ಟ್ರೇಲರ್ ಇತ್ತೇ, ಎಷ್ಟಿದ್ದವು, ಅವುಗಳಿಗೆ ಬ್ರೇಕ್ ಇತ್ತೇ, ಚಾಲಕನ ಪರವಾನಗಿ ಯಾವ ವರ್ಗದ್ದು ಎಂಬಷ್ಟನ್ನು ದಾಖಲಿಸಿ ಜಿಲ್ಲಾವಾರು ಪ್ರಕಟಿಸುವುದಕ್ಕೆ ಹೊಸ ಕಾನೂನೇನೂ ಬೇಕಿಲ್ಲ.

ಇನ್ನು ಕೌಶಲದ ಮಾತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಪರೀಕ್ಷೆಗೆ ಬಂದವರು ವಾಹನವನ್ನು ಹಿಂದಕ್ಕೆ ಚಲಾಯಿಸಿ, ಇಕ್ಕಟ್ಟಾದ ಜಾಗದೊಳಗೆ ತಂದು ತೋರಿಸಬೇಕು. ಕಾರಿನಲ್ಲಿ ಅದನ್ನು ಚೆನ್ನಾಗಿ ಮಾಡಬಲ್ಲವರು ಟ್ರೇಲರ್ ಕಟ್ಟಿದ ಕೂಡಲೇ ಗಲಿಬಿಲಿಗೊಳ್ಳುತ್ತಾರೆ. ಹಿಂದಕ್ಕೆ ಬರುವಾಗ ಟ್ರೇಲರ್ ಎಡಕ್ಕೆ ಹೊರಳಬೇಕಾದರೆ ಸ್ಟೀರಿಂಗನ್ನು ಮೊದಲು ಬಲಕ್ಕೆ ತಿರುಗಿಸಬೇಕು, ಟ್ರೇಲರ್ ಹೊರಳಲು ಆರಂಭಿಸಿದ ಕ್ಷಣ ಮತ್ತೆ ಎಡಕ್ಕೆ ತಂದು ಅದರ ಬೆನ್ನು ಹಿಡಿಯಬೇಕು. ಸ್ವಲ್ಪ ತಡವಾದರೂ ಟ್ರೇಲರಿನ ಮೂಲೆ ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಬಡಿಯುತ್ತದೆ. ಎರಡು ಟ್ರೇಲರ್ ಇದ್ದರೆ ನುರಿತವರಿಗೂ ಇದು ಕಷ್ಟ.

ಟ್ರ್ಯಾಕ್ಟರಿನ ಬ್ರೇಕ್ ಇನ್ನೂ ಗಂಭೀರ ವಿಷಯ. ಹೊಲದಲ್ಲಿ ಸಾಲಿನ ತುದಿಗೆ ಬಂದು ಚಿಕ್ಕದಾಗಿ ತಿರುಗಿಸಿಕೊಳ್ಳಲು ಅನುಕೂಲವಾಗಲೆಂದು ಎಡಗಾಲಿಗೊಂದು, ಬಲಗಾಲಿಗೊಂದು ಪ್ರತ್ಯೇಕ ಬ್ರೇಕ್ ಪೆಡಲ್ ಇರುತ್ತದೆ. ರಸ್ತೆಗೆ ಇಳಿಯುವ ಮೊದಲು ಅವೆರಡನ್ನೂ ಜೋಡಿಸುವ ಚಿಲಕವನ್ನು ಹಾಕಲೇಬೇಕು. ಹಾಕದೆ ವೇಗದಲ್ಲಿ ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಒಂದು ಪಕ್ಕಕ್ಕೆ ಎಳೆದುಕೊಂಡು ಹೋಗುತ್ತದೆ, ಹಿಂದಿನ ಟ್ರೇಲರ್ ಅದನ್ನು ನೂಕಿ ಮಗುಚುತ್ತದೆ. ಹೊಲದಿಂದ ನೇರವಾಗಿ ರಸ್ತೆಗೆ ಬರುವ ಆತುರದಲ್ಲಿ ಈ ಚಿಲಕವನ್ನು ಮರೆಯುವುದು ಸಾಮಾನ್ಯ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕಿ ಬಿಡುವವರೂ ಇದ್ದಾರೆ. ಬ್ರೇಕಿಲ್ಲದ ಟ್ರೇಲರ್ ಬೆನ್ನ ಹಿಂದಿರುವಾಗ ಎಂಜಿನ್ನಿನ ಹಿಡಿತವನ್ನೂ ಬಿಟ್ಟುಕೊಡುವುದೆಂದರೆ ವಾಹನ ಪೂರ್ತಿ ಕೈತಪ್ಪಿದಂತೆಯೇ. ಏರಿನಲ್ಲಿ ಹೇರು ಹಿಂದಕ್ಕೆ ಜಗ್ಗಿ ಮುಂದಿನ ಗಾಲಿಗಳು ನೆಲ ಬಿಟ್ಟರೆ ಸ್ಟೀರಿಂಗ್ ಇದ್ದೂ ಇಲ್ಲದಂತಾಗುತ್ತದೆ. ಕೊಕ್ಕೆಗೆ ಹಾಕುವ ಪಿನ್ನು ಸವೆದಿದೆಯೇ ಎಂದು ಕೈಯಿಟ್ಟು ನೋಡಿಯೇ ಹೊರಡಬೇಕು. ಇವುಗಳಲ್ಲಿ ಒಂದನ್ನೂ ಕಾರಿನ ಪರೀಕ್ಷೆಯಲ್ಲಿ ನೋಡಲು ಸಾಧ್ಯವಿಲ್ಲ.

ಬೇರೆ ದೇಶಗಳಲ್ಲಿ ಏನಿದೆ ಎಂದು ನೋಡುವುದೂ ಒಳ್ಳೆಯದು. ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಸಾಮಾನ್ಯ ಕಾರಿನ ಪರವಾನಗಿಗೆ ಟ್ರೇಲರ್ ಸೇರಿಸಿಕೊಳ್ಳುವಾಗ, 750 ಕೆ.ಜಿ. ಮೀರುವ ಟ್ರೇಲರ್ ಆಗಿದ್ದರೆ ಎರಡರ ಒಟ್ಟು ತೂಕ 3,500 ಕೆ.ಜಿ. ಒಳಗೇ ಇರಬೇಕೆಂಬ ನಿಯಮ 2013ರಿಂದ ಜಾರಿಗೆ ಬಂದಿತು. ಅದನ್ನು ದಾಟಿದರೆ ಹೆಚ್ಚುವರಿ ತರಬೇತಿ ಅಥವಾ ಪರೀಕ್ಷೆ. ಬ್ರಿಟನ್ ತನ್ನ ಪ್ರತ್ಯೇಕ ಟ್ರೇಲರ್ ಪರೀಕ್ಷೆಯನ್ನು 2021ರ ಡಿಸೆಂಬರ್‌ನಲ್ಲಿ ಕೈಬಿಟ್ಟಿದ್ದು ನಿಜ, ಲಾರಿ ಚಾಲಕರ ಕೊರತೆಯ ಕಾಲದಲ್ಲಿ ಪರೀಕ್ಷಕರ ಸಮಯ ಉಳಿಸುವುದು ಅದರ ಉದ್ದೇಶವಾಗಿತ್ತು. ಆದರೆ ಅಲ್ಲಿಯೂ ಕಾರಿನವರು ಎಳೆಯಬಹುದಾದ ಟ್ರೇಲರಿಗೆ 3,500 ಕೆ.ಜಿ. ಮಿತಿಯಿದೆ, 750 ಕೆ.ಜಿ. ಮೀರಿದ ಟ್ರೇಲರಿಗೆ ಬ್ರೇಕ್ ಕಡ್ಡಾಯ. ಟ್ರ್ಯಾಕ್ಟರಿಗೆ ಅಲ್ಲಿ ಬೇರೆ ನಿಯಮಗಳಿವೆ ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ: ಎಳೆಯುವ ವಾಹನ ಮತ್ತು ಎಳೆಸಿಕೊಳ್ಳುವ ಭಾರ ಎರಡನ್ನೂ ಕೂಡಿಸಿ ನೋಡುವ ಪದ್ಧತಿಯನ್ನು ನಾವು ಕಲಿಯಬಹುದು.

ಪ್ರತ್ಯೇಕ ಪರೀಕ್ಷೆ ಎಂದ ಕೂಡಲೇ ರೈತರಿಗೆ ಇನ್ನೊಂದು ಅಲೆದಾಟ, ಮಧ್ಯವರ್ತಿಗಳಿಗೆ ಇನ್ನೊಂದು ಆದಾಯ ಎಂಬ ಆಕ್ಷೇಪ ಬರುತ್ತದೆ. ಆ ಭಯಕ್ಕೆ ಕಾರಣವಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದ್ದರಿಂದಲೇ ಗದ್ದೆಗೂ ಮನೆಗೂ ನಡುವೆ ಗೊಬ್ಬರ, ಮೇವು ಸಾಗಿಸುವವರನ್ನು ಈ ನಿಯಮದಿಂದ ಹೊರಗಿಡಬೇಕು. ಬಾಡಿಗೆಗೆ ಸರಕು ಎಳೆಯುವವರಿಗೆ ಮತ್ತು ಟ್ರ್ಯಾಕ್ಟರ್, ಟ್ರೇಲರ್, ಸರಕು ಸೇರಿ 7,500 ಕೆ.ಜಿ. ದಾಟುವ ಜೋಡಿಯನ್ನು ಹೆದ್ದಾರಿಯಲ್ಲಿ ಓಡಿಸುವವರಿಗೆ ಮಾತ್ರ ಪರವಾನಗಿಯಲ್ಲಿ ಟ್ರೇಲರಿನ ನಮೂದು ಇರಬೇಕೆಂದರೆ ಸಾಕು. ಓದು ಬರಹದ ಷರತ್ತು ಬೇಡ. ಸಾರಿಗೆ ವಾಹನ ಚಾಲಕರಿಗಿದ್ದ ಎಂಟನೇ ತರಗತಿಯ ಷರತ್ತನ್ನು ಕೇಂದ್ರ ಸರ್ಕಾರ 2019ರಲ್ಲೇ ತೆಗೆದುಹಾಕಿದೆ. ಪರೀಕ್ಷೆ ಪ್ರಾಯೋಗಿಕವಾಗಿರಲಿ: ಕೊಕ್ಕೆ ಜೋಡಿಸಿ ಪಿನ್ನು ಭದ್ರಪಡಿಸುವುದು, ಪೆಡಲುಗಳ ಚಿಲಕ ಹಾಕುವುದು, ಹೇರಿನೊಂದಿಗೆ ಇಳಿಜಾರಿನಲ್ಲಿ ನಿಲ್ಲಿಸುವುದು, ಹಿಂದಕ್ಕೆ ತರುವುದು. ಅರ್ಧ ಗಂಟೆಯ ಕೆಲಸ.

ರೈತರನ್ನು ಜಿಲ್ಲಾ ಕೇಂದ್ರದ ಸಾರಿಗೆ ಕಚೇರಿಗೆ ಕರೆಸುವ ಬದಲು ಸಕ್ಕರೆ ಕಾರ್ಖಾನೆಗಳ ಅಂಗಳದಲ್ಲಿ, ಎಪಿಎಂಸಿ ಪ್ರಾಂಗಣಗಳಲ್ಲಿ ಹಂಗಾಮಿಗೆ ಮೊದಲು ಮೋಟಾರು ವಾಹನ ನಿರೀಕ್ಷಕರೇ ಬಂದು ಶಿಬಿರ ನಡೆಸಲಿ. ಕಬ್ಬು ಸಾಗಿಸುವ ಗುತ್ತಿಗೆಯಿಂದ ಲಾಭ ಪಡೆಯುವ ಕಾರ್ಖಾನೆಗಳು ಅದರ ವೆಚ್ಚದಲ್ಲಿ ಪಾಲು ಕೊಡಲಿ. ಕಾಯ್ದೆಯಲ್ಲಿನ ವ್ಯಾಖ್ಯೆ ತಿದ್ದುವುದು ಸಂಸತ್ತಿನ ಕೆಲಸವಾದ್ದರಿಂದ ಅದಕ್ಕೆ ಸಮಯ ಹಿಡಿಯಬಹುದು. ಅಲ್ಲಿಯವರೆಗೆ ರಾಜ್ಯ ಸಾರಿಗೆ ಇಲಾಖೆ ಇದೇ ಶಿಬಿರಗಳನ್ನು ಉಚಿತ ತರಬೇತಿಯಾಗಿ ಆರಂಭಿಸಲು ಯಾವ ಅಡ್ಡಿಯೂ ಇಲ್ಲ. ಮುಂದಿನ ಹಂಗಾಮಿಗೆ ಮೊದಲು ಒಂದೆರಡು ಜಿಲ್ಲೆಗಳಲ್ಲಾದರೂ ಇದನ್ನು ನಡೆಸಬೇಕೆಂದು ಸಾರಿಗೆ ಸಚಿವರನ್ನು ಈ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ