27ರ ಗೆರೆ

ಮೌಖಿಕ ಪರೀಕ್ಷೆ ಮುಗಿಯಿತು. ಕೋಶಕೇಂದ್ರದೊಳಗೆ ಯಾವ ಪ್ರೋಟೀನಿಗೆ ಪ್ರವೇಶ, ಯಾವುದಕ್ಕೆ ಇಲ್ಲ ಎಂದು ವಿಚಾರಿಸುತ್ತಾ ಆರು ವರ್ಷ ಬಾಗಿಲಲ್ಲೇ ನಿಂತಿದ್ದವನಿಗೆ ಕೊನೆಗೂ ಹೊರಗೆ ಹೋಗಲು ಅನುಮತಿ ಸಿಕ್ಕಿದೆ. ಸಂಶೋಧನೆಯ ಕಥೆಯನ್ನು ನೀವೆಲ್ಲ ಸಾಕುಸಾಕೆನ್ನುವಷ್ಟು ಕೇಳಿದ್ದೀರಿ, ಮತ್ತೆ ಹೇಳುವುದಿಲ್ಲ.

ಮಾರ್ಗದರ್ಶಕರಿಗೆ, ಪರೀಕ್ಷಕರಿಗೆ, ಭಾನುವಾರವೂ ಬಂದು ನನ್ನ ಜೀವಕೋಶಗಳಿಗೆ ಮೇವು ಹಾಕಿದ ಕಿರಿಯರಿಗೆ, ಫೋನ್ ಎತ್ತದಿದ್ದರೂ ಮುನಿಯದ ಅಮ್ಮನಿಗೆ ನಮಸ್ಕಾರ.

ಉಳಿದ ಮಾತೆಲ್ಲ ಪ್ರಯೋಗಾಲಯದ ಪಕ್ಕದ ಬೆಂಚಿನ ಅಕ್ಕನಿಗೆ.

ನಾಲ್ಕನೆಯ ವರ್ಷ. ನಮ್ಮ ಪ್ರೋಟೀನಿಗೆ ಜಿಎಫ್‌ಪಿ ಎಂಬ ಹಸಿರಾಗಿ ಹೊಳೆಯುವ ಪ್ರೋಟೀನಿನ ಬಾಲ ಕಟ್ಟಿ, ಅದು ಕೋಶಕೇಂದ್ರ ಸೇರುವುದನ್ನು ಎರಡು ವರ್ಷದಿಂದ ನೋಡಿ ಹಿಗ್ಗುತ್ತಿದ್ದೆ. ಅಕ್ಕ ಚಿತ್ರವನ್ನು ದಿಟ್ಟಿಸಿ, “ಒಳಗಿದೆ, ಸರಿ. ಹೊರಗೂ ಇಷ್ಟು ಹಸಿರು ಏಕೆ?” ಎಂದರು. ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ಗೆರೆಗಳಾಗಿ ತೋರಿಸುವ ಬ್ಲಾಟ್ ಮಾಡಿದೆವು; ದೊಡ್ಡವು ಮೇಲೆ, ಸಣ್ಣವು ಕೆಳಗೆ. ಫಲಿತಾಂಶ ಕಾಣಿಸಿದಾಗ ರಾತ್ರಿ ಎರಡು ಗಂಟೆ. ನಮ್ಮ ಪ್ರೋಟೀನ್ ಇರಬೇಕಾದ ಎತ್ತರದಲ್ಲಿ ತೆಳ್ಳನೆಯ ನೆರಳು. ಕೆಳಗೆ, 27 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಬಳಿ, ಕಾಡಿಗೆ ತೀಡಿದಂತೆ ದಪ್ಪ ಗೆರೆ. ಕಳಚಿದ ಬಾಲ, ಒಂಟಿ ಜಿಎಫ್‌ಪಿ. ಅಷ್ಟು ಸಣ್ಣದಕ್ಕೆ ಒಳಗೆ ಹೊತ್ತೊಯ್ಯುವ ಇಂಪೋರ್ಟಿನ್ ಪ್ರೋಟೀನಿನ ಹೆಗಲು ಬೇಕಿಲ್ಲ, ಕೋಶಕೇಂದ್ರದ ರಂಧ್ರದಲ್ಲಿ ತಾನೇ ನುಸುಳಿಬಿಡುತ್ತದೆ.

ನನಗೆ ಸಿಟ್ಟು ಬಂದದ್ದು ಅಕ್ಕನ ಮೇಲೆ. “ಈಗ ನಿಮಗೆ ಸಮಾಧಾನವಾಯಿತೇ?” ಎಂದುಬಿಟ್ಟೆ. ಬಿಟ್ಟು ಹೋಗುತ್ತೇನೆ ಎಂದು ಪತ್ರವನ್ನೂ ಬರೆದೆ. ಅದಕ್ಕಿಂತ ದೊಡ್ಡದಾಗಿ ಏನೇನೋ ಅನಿಸಿತ್ತು. ಅದನ್ನು ಬರೆಯಲು ಇಂದಿಗೂ ಕೈ ಬರುವುದಿಲ್ಲ. ಅಕ್ಕ ಮರುಮಾತಾಡಲಿಲ್ಲ. ಬ್ಲಾಟನ್ನು ತೊಳೆದಿಟ್ಟರು, ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕುಳಿತರು. ಅವರ ಸ್ವಂತ ಪ್ರಬಂಧ ಸಲ್ಲಿಸಲು ಆಗ ಹನ್ನೊಂದು ದಿನ ಉಳಿದಿತ್ತು, ಅದು ನನಗೆ ತಿಳಿದದ್ದು ಆಮೇಲೆ. ಬೆಳಗಿನ ಐದಕ್ಕೆ ಬಾಯಿ ಬಿಟ್ಟರು: “ಮೂರು ಜಿಎಫ್‌ಪಿ ಸಾಲಾಗಿ ಪೋಣಿಸಿ ಕಟ್ಟು. 81 ಆಗುತ್ತದೆ. ಕಳಚಿದರೂ ಸುಮ್ಮನೆ ಒಳಗೆ ಹೋಗಲಾರದು.”

ಹಾಗೇ ಮಾಡಿದೆ. ಎಣಿಕೆಗೂ ಅವರೇ ಕುಳಿತರು. ತಟ್ಟೆಗಳ ಹೆಸರು ಮುಚ್ಚಿಸಿ, “ಯಾವುದು ಯಾವುದೆಂದು ನನಗೆ ಹೇಳಬೇಡ” ಎಂದು ಒಂದೊಂದರಲ್ಲಿ ಇನ್ನೂರು ಕೋಶ ಎಣಿಸಿದರು. ಹೆಸರು ತೆರೆದಾಗ, ಪ್ರವೇಶ ಸಂಕೇತ ಅಳಿಸಿದ್ದ ತಟ್ಟೆಯಲ್ಲಿ ಕೇಂದ್ರಗಳು ಕಪ್ಪು ಕುಳಿಗಳು. ಸಂಕೇತವಿದ್ದ ತಟ್ಟೆಯಲ್ಲಿ ಹಸಿರು ದೀಪಗಳು.

ಪ್ರಬಂಧದ ಮೂರನೆಯ ಅಧ್ಯಾಯ ಆ ಕೆಟ್ಟ ಬ್ಲಾಟಿನಿಂದಲೇ ಶುರುವಾಗುತ್ತದೆ. ಅಕ್ಕಾ, ಆ ರಾತ್ರಿ ಆಡಿದ ಮಾತಿಗೆ ನಾನು ಇದುವರೆಗೆ ಕ್ಷಮೆ ಕೇಳಿರಲಿಲ್ಲ. ಈಗ, ಎಲ್ಲರೆದುರು ಕೇಳುತ್ತಿದ್ದೇನೆ.