ರೇಷ್ಮೆ ಹುಳು ಸಾಕುವ ಮನೆ ಪಕ್ಕದಲ್ಲೇ ಇರುವಾಗ ಗೋಡೆಯ ಪಟವೇಕೆ?

ಮಾನ್ಯ ಸಂಪಾದಕರೇ,

ಶಿಡ್ಲಘಟ್ಟ ತಾಲ್ಲೂಕಿನ ನಮ್ಮಂಥ ಊರುಗಳಲ್ಲಿ ಮಕ್ಕಳು ಹಿಪ್ಪುನೇರಳೆ ತೋಟ ಹಾದುಕೊಂಡೇ ಶಾಲೆಗೆ ಹೋಗುತ್ತಾರೆ. ಕೀಟದ ಪಾಠ ಕಲಿಯುವುದು ಮಾತ್ರ ಗೋಡೆಯ ಪಟ ನೋಡಿ. ನನ್ನ ಮೊಮ್ಮಗಳ ತರಗತಿಯ ಪಟದಲ್ಲಿ ಜೇಡವನ್ನೂ ಕೀಟಗಳ ಸಾಲಿಗೇ ಸೇರಿಸಿದ್ದಾರೆ. ಚಿತ್ರ ಬರೆದವರು ಎಂಟು ಕಾಲನ್ನು ಸರಿಯಾಗಿಯೇ ಬರೆದಿದ್ದಾರೆ; ಎಣಿಸುವ ಗೋಜಿಗೆ ಯಾರೂ ಹೋಗಿಲ್ಲ.

ಇದರ ಬದಲು ನಾಲ್ಕನೇ ಜ್ವರದಿಂದ ಎದ್ದ (ಪೊರೆ ಬಿಡುವುದನ್ನು ನಾವು ಜ್ವರ ಎನ್ನುತ್ತೇವೆ) ಹತ್ತು ರೇಷ್ಮೆ ಹುಳುಗಳನ್ನು ನಲಿ-ಕಲಿ ಕೊಠಡಿಗೆ ಕೊಡಬಾರದೇಕೆ? ಮೊದಲ ದಿನವೇ ತಕರಾರು ಏಳುತ್ತದೆ: ಕೀಟಕ್ಕೆ ಆರು ಕಾಲು ಎಂದಿರಲ್ಲ ಮಿಸ್, ಇದಕ್ಕೆ ಹದಿನಾರಿವೆ! ಆಗ ಮಕ್ಕಳ ಕೈಗೆ ಭೂತಕನ್ನಡಿ ಕೊಡಬೇಕು. ತಲೆಯ ಹಿಂದೆಯೇ ಮೂರು ಜೊತೆ ಮೊನಚು ಕಾಲುಗಳಿವೆ, ಎಲೆಯ ಅಂಚನ್ನು ಹಿಡಿದು ಮೇಯಲು. ನಿಜವಾದ ಕಾಲುಗಳು ಅವೇ, ಚಿಟ್ಟೆಯಾದ ಮೇಲೂ ಉಳಿಯುವುದು ಅವೇ. ಮಿಕ್ಕ ಐದು ಜೊತೆ ಕಡ್ಡಿಯನ್ನು ಕಚ್ಚಿಕೊಳ್ಳುವ ಮೆತ್ತನೆಯ ಗುಬುಟುಗಳು. ಪಕ್ಕೆಯುದ್ದಕ್ಕೂ, ಒಂದೊಂದು ಕಡೆಗೆ ಒಂಬತ್ತರಂತೆ, ಸಾಸಿವೆಗಿಂತ ಚಿಕ್ಕ ಚುಕ್ಕೆಗಳು ಕಾಣುತ್ತವೆ. ಹುಳು ಉಸಿರಾಡುವುದು ಅವುಗಳಿಂದ. ಇದನ್ನು ಕೇಳಿದ ಮಕ್ಕಳು ತಮ್ಮ ಪಕ್ಕೆ ಮುಟ್ಟಿ ನೋಡಿಕೊಳ್ಳುವುದನ್ನು ನಮ್ಮ ಹುಳು ಮನೆಯಲ್ಲಿ ಕಂಡಿದ್ದೇನೆ.

ಕೊಠಡಿಯಲ್ಲಿ ಸೊಳ್ಳೆ ಬತ್ತಿ ಹಚ್ಚಬಾರದು. ಔಷಧಿ ಹೊಡೆದ ಟೊಮೆಟೊ ತೋಟದ ಮಗ್ಗುಲಿನ ಸೊಪ್ಪು ಬೇಡವೇ ಬೇಡ. ಇರುವೆ ಹತ್ತದಂತೆ ತಟ್ಟೆಯಿಟ್ಟ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟರಾಯಿತು. ರಾತ್ರಿ, ರಜೆಯ ದಿನ ಯಾರು ನೋಡಿಕೊಳ್ಳಬೇಕು ಎಂದು ಶಿಕ್ಷಕರು ಕೇಳಬಹುದು. ಹುಳು ಸಾಕುವ ಮನೆಯ ಮಗುವೊಂದು ತಟ್ಟೆಯನ್ನು ಮನೆಗೆ ಒಯ್ಯಲಿ. ಆ ಮಗುವಿಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ.

ಒಂದು ವಾರ ಮೇದು ಹಣ್ಣಾದ (ಗೂಡು ಕಟ್ಟಲು ಸಿದ್ಧವಾದ) ಹುಳುವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ಬಿದಿರಿನ ತಟ್ಟಿಗೆ, ಬಿಟ್ಟರೆ ತಲೆಯನ್ನು 8ರ ಆಕಾರದಲ್ಲಿ ಆಡಿಸುತ್ತಾ ಎರಡು ಮೂರು ದಿನದಲ್ಲಿ ಗೂಡು ಕಟ್ಟುತ್ತದೆ. ಒಳಗಿನ ಹುಳು ಏನಾಗುತ್ತದೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಚಿಟ್ಟೆಯಾಗಿ ಹಾರಿಹೋಗುತ್ತದೆ ಎಂದು ದಯವಿಟ್ಟು ಹೇಳಬೇಡಿ. ಮಾರುಕಟ್ಟೆಗೆ ಹೋದ ಗೂಡನ್ನು ಕುದಿಯುವ ನೀರಿಗೆ ಹಾಕುತ್ತಾರೆ, ಏಕೆಂದರೆ ಚಿಟ್ಟೆ ತೂತು ಮಾಡಿ ಹೊರಬಂದರೆ ಉದ್ದದ ಎಳೆ ಸಿಗುವುದಿಲ್ಲ. ಗೂಡಿನಿಂದ ನೂಲು ಬಿಚ್ಚುವ ರೀಲಿಂಗ್ ಘಟಕದ ವಾಸನೆ ಶಾಲೆಯವರೆಗೂ ಬರುವ ಊರಿನಲ್ಲಿ ಇದನ್ನು ಯಾರಿಂದ ಮುಚ್ಚಿಡುತ್ತೀರಿ? ತರಗತಿಯ ಹತ್ತು ಗೂಡುಗಳನ್ನು ಮಾತ್ರ ಹಾಗೆಯೇ ಬಿಡಿ. ಹತ್ತು ಹನ್ನೆರಡು ದಿನಕ್ಕೆ ಬಿಳಿ ಚಿಟ್ಟೆಗಳು ಹೊರಬರುತ್ತವೆ. ರೆಕ್ಕೆಯಿದ್ದೂ ಅವು ಹಾರಲಾರವು, ಏನನ್ನೂ ತಿನ್ನುವುದಿಲ್ಲ. ನೂರಾರು ಮೊಟ್ಟೆಯಿಟ್ಟು ಕೆಲವೇ ದಿನದಲ್ಲಿ ಸಾಯುತ್ತವೆ. ಪಟದಲ್ಲಿ ಹೂವಿನ ಮೇಲೆ ಕೂತ ಚಿಟ್ಟೆಯನ್ನಷ್ಟೇ ಕಂಡ ಮಕ್ಕಳು ಇದನ್ನೂ ನೋಡಲಿ.

ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಮುನ್ನ ಶಿಕ್ಷಣ ಇಲಾಖೆ ಮತ್ತು ರೇಷ್ಮೆ ಇಲಾಖೆಯವರು ಕೂತು ಇದಕ್ಕೊಂದು ಸುತ್ತೋಲೆ ಹೊರಡಿಸಲಿ. ಹುಳು, ಸೊಪ್ಪು, ಚಂದ್ರಿಕೆ ಕೊಡಲು ಬೆಳೆಗಾರರು ಹಿಂದೆಮುಂದೆ ನೋಡುವುದಿಲ್ಲ.

– ಒಬ್ಬ ರೇಷ್ಮೆ ಬೆಳೆಗಾರ್ತಿ, ಶಿಡ್ಲಘಟ್ಟ ತಾಲ್ಲೂಕು