ನವೆಂಬರ್ ಒಂದು ನಮ್ಮದೊಂದೇ ಅಲ್ಲ ಮಾರಾಯ: ಕೊಚ್ಚಿಯ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನ ಆಫೀಸಿನ ಫೋಟೊ ನೋಡಿದೆ. ಹೆಂಗಸರೆಲ್ಲ ಚಿನ್ನದ ಅಂಚಿನ ಕಸವು ಸೀರೆ, ಗಂಡಸರೆಲ್ಲ ಬಿಳಿ ಮುಂಡು, ನಡುವೆ ನೀನೊಬ್ಬ ಹಳದಿ ಕೆಂಪು ಶಾಲು ಹಾಕಿಕೊಂಡು ಪೆಚ್ಚಾಗಿ ನಿಂತಿದ್ದೀಯ. "ಇವರದ್ದೂ ಇವತ್ತೇ ಅಂತೆ, ನಮ್ಮ ದಿನ ಇವರಿಗೆ ಹೇಗೆ ಹೋಯಿತು?" ಅಂತ ಕೇಳಿದ್ದೀಯಲ್ಲ, ಅದಕ್ಕೇ ಈ ಉದ್ದದ ಪತ್ರ. ವಾಟ್ಸಾಪ್‌ನಲ್ಲಿ ಬರೆದು ಮುಗಿಯುವ ಉತ್ತರ ಅಲ್ಲ ಇದು.

ರಾಜ್ಯ ಪುನರ್ವಿಂಗಡಣೆ ಕಾಯ್ದೆ ಬಂದದ್ದು 1956ರ ಆಗಸ್ಟ್ 31ಕ್ಕೆ. ಜಾರಿಯಾಗುವ ದಿನ ನವೆಂಬರ್ 1 ಅಂತ ಅದರಲ್ಲೇ ಇತ್ತು. ಹಾಗಾಗಿ ನಮ್ಮದು, ಕೇರಳದ್ದು, ಆಂಧ್ರಪ್ರದೇಶದ್ದು, ಮಧ್ಯಪ್ರದೇಶದ್ದು ಎಲ್ಲಾ ಒಂದೇ ತಾರೀಕು. ಆಮೇಲೆ ಆ ತಾರೀಕು ದೆಹಲಿಯವರಿಗೆ ರೂಢಿಯೇ ಆಯಿತೋ ಏನೋ, 1966ರಲ್ಲಿ ಪಂಜಾಬಿನಿಂದ ಹರಿಯಾಣ ಬೇರೆಯಾದದ್ದೂ ನವೆಂಬರ್ 1ಕ್ಕೆ. 2000ದಲ್ಲಿ ಮಧ್ಯಪ್ರದೇಶದಿಂದ ಛತ್ತೀಸ್‌ಗಢ ಹೊರಬಂದದ್ದೂ ಅವತ್ತೇ. ಹುಟ್ಟುಹಬ್ಬದ ದಿನವೇ ಮನೆ ಪಾಲು ಮಾಡಿದ ಹಾಗೆ! ಅದೇ ತಿಂಗಳು ಜಾರ್ಖಂಡ್ ಕೂಡ ಹುಟ್ಟಿತು, ಆದರೆ ಅದಕ್ಕೆ ಸಿಕ್ಕಿದ್ದು ನವೆಂಬರ್ 15, ಬಿರ್ಸಾ ಮುಂಡಾ ಹುಟ್ಟಿದ ದಿನ. ನನಗೆ ಅದು ಹಿಡಿಸಿತು. ಆ ತಾರೀಕಿನ ಹಿಂದೆ ಒಬ್ಬ ಮನುಷ್ಯನಾದರೂ ಇದ್ದಾನೆ.

ಪಾಪ, ಆಂಧ್ರದವರದ್ದೇ ಗೊಂದಲ. ಮದ್ರಾಸಿನಿಂದ ಬೇರೆಯಾಗಿ ಆಂಧ್ರ ರಾಜ್ಯ ಆದದ್ದು 1953ರ ಅಕ್ಟೋಬರ್ 1ಕ್ಕೆ. (ನಮ್ಮ ಬಳ್ಳಾರಿ ಮೈಸೂರಿಗೆ ಬಂದದ್ದೂ ಅದೇ ದಿನ, ಅದು ಸುಮಾರು ಜನಕ್ಕೆ ಮರೆತೇ ಹೋಗಿದೆ.) ತೆಲಂಗಾಣ ಸೇರಿ ಆಂಧ್ರಪ್ರದೇಶ ಆದದ್ದು 1956ರಲ್ಲಿ, ಅದು ಮತ್ತೆ ಬೇರೆಯಾದದ್ದು 2014ರ ಜೂನ್ 2ಕ್ಕೆ. ಮೂರರಲ್ಲಿ ಯಾವುದನ್ನು ಆಚರಿಸಬೇಕು ಹೇಳು? ನವೆಂಬರ್ 1ರ ಆಚರಣೆ ಕೆಲವು ವರ್ಷ ನಿಂತೂ ಹೋಗಿತ್ತು, 2019ರಲ್ಲಿ ಮತ್ತೆ ಶುರುವಾಯಿತು.

ನಮ್ಮದು ಗೊತ್ತಲ್ಲ, ಜೋರು. ನಮ್ಮ ಆಟೋ ಸ್ಟ್ಯಾಂಡಿನಲ್ಲಿ ಈ ಸಲವೂ ಶಾಮಿಯಾನ, ಭುವನೇಶ್ವರಿಯ ಫೋಟೊ, ಪಕ್ಕದಲ್ಲಿ ರಾಜ್‌ಕುಮಾರ್, ಅವರ ಪಕ್ಕ ಪುನೀತ್. ಪುನೀತ್ ತೀರಿಕೊಂಡದ್ದು 2021ರ ಅಕ್ಟೋಬರ್ 29ಕ್ಕೆ, ರಾಜ್ಯೋತ್ಸವಕ್ಕೆ ಮೂರೇ ದಿನ ಇರುವಾಗ. ಅಲ್ಲಿಂದೀಚೆಗೆ ಆ ಫೋಟೊ ಇಲ್ಲದ ಶಾಮಿಯಾನ ನಾನು ನೋಡಿಲ್ಲ. ಕೇಸರಿಬಾತ್ ಬಿಸಿ ಇತ್ತು, ಸ್ಪೀಕರ್ ಮಾತ್ರ ಹರಿದುಹೋಗುವ ಹಾಗೆ ಅರಚುತ್ತಿತ್ತು. ಬಾವುಟ ಹಾರಿಸಿದ ಮೇಲೆ ಭಾಷಣಕ್ಕೆ ನಿಂತವರು "1956ರಲ್ಲಿ ಕರ್ನಾಟಕ ಹುಟ್ಟಿತು" ಅಂದರು. ಚಪ್ಪಾಳೆ ಬಿತ್ತು. ಆದರೆ 1956ರಲ್ಲಿ ಹುಟ್ಟಿದ ರಾಜ್ಯದ ಹೆಸರು ಮೈಸೂರು! ಬೊಂಬಾಯಿ ಕಡೆಯವರು, ಹೈದರಾಬಾದ್ ಕಡೆಯವರು, ಮದ್ರಾಸಿನಲ್ಲಿದ್ದ ನಾವು, ಕೊಡಗಿನವರು ಎಲ್ಲರೂ ಬಂದು ಸೇರಿದರೂ ಬೋರ್ಡ್ ಮಾತ್ರ ಹಳೆಯದೇ ಇತ್ತು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1973ರ ನವೆಂಬರ್ 1ಕ್ಕೆ ಕರ್ನಾಟಕ ಅಂತ ಆಯಿತು. ಅದೇ ದಿನ ನಮ್ಮ ಮಂಗಳೂರಿನಲ್ಲಿ ಐಶ್ವರ್ಯಾ ರೈ ಹುಟ್ಟಿದ್ದು. ಸುಮ್ನೆ ಹೇಳುತ್ತಿಲ್ಲ, ತಾರೀಕು ನೋಡು. ಕರ್ನಾಟಕ ಅನ್ನುವ ಹೆಸರಿಗೂ ಅವರಿಗೂ ಒಂದೇ ವಯಸ್ಸು.

ಈಗ ನಿಜವಾಗಿ ನಿನಗೆ ಹೇಳಬೇಕು ಅಂತಿದ್ದ ವಿಷಯಕ್ಕೆ ಬರುತ್ತೇನೆ. ನೀನು ಕೊಚ್ಚಿಗೆ ಹೋಗುವಾಗ ತಲಪಾಡಿ ದಾಟಿಯೇ ಹೋಗುತ್ತೀಯ, ರೈಲಿನಲ್ಲಿ ಹೋದರೆ ಅದು ಗೊತ್ತೂ ಆಗುವುದಿಲ್ಲ. ನವೆಂಬರ್ 1ರ ಬೆಳಿಗ್ಗೆ ಗಡಿಯ ಈಚೆ ಹಳದಿ ಕೆಂಪು ಬಾವುಟ, ಮೆರವಣಿಗೆ, ರಜೆ. ಅಲ್ಲೇ ಆಚೆ ಕಾಸರಗೋಡಿನ ಮಂಜೇಶ್ವರದಲ್ಲಿ ಕೇರಳ ಪಿರವಿ, ಅಂದರೆ ಕೇರಳ ಹುಟ್ಟಿದ ದಿನ. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ, ಮನೆಯಲ್ಲಿ ತುಳು ಕನ್ನಡ ಕೊಂಕಣಿ ಆಡುವ ಮಕ್ಕಳಿದ್ದಾರೆ. ಕೇರಳ ಸರ್ಕಾರಕ್ಕೆ ಅದೇ ದಿನ ಮಲಯಾಳ ದಿನವೂ ಹೌದು, ಆಡಳಿತ ಭಾಷೆಯ ವಾರ ಶುರುವಾಗುವುದೂ ಅವತ್ತೇ. ಆ ಊರಿನ ಹಿರಿಯರಿಗೆ ಅದು ಹಬ್ಬ ಅನ್ನಿಸಬೇಕಾ? ದಕ್ಷಿಣ ಕನ್ನಡದ ಹೆಚ್ಚಿನ ಭಾಗ ಇತ್ತ ಬಂತು, ಕಾಸರಗೋಡು ಅತ್ತ ಹೋಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ 2015ರಲ್ಲಿ ಹೋದರು, ಈ ನೋವು ಕೊನೆಯವರೆಗೂ ಅವರ ಜೊತೆಗೇ ಇತ್ತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಅಂತ ಗಡಿ ವಿವಾದಕ್ಕೆ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಅದು ಕಾಗದದಲ್ಲೇ ಉಳಿಯಿತು. ಬೆಳಗಾವಿ ವಿಷಯಕ್ಕೆ ನಾವು ಮಹಾಜನ ವರದಿ ಅಂತ ಕೂಗುತ್ತೇವೆ ನೋಡು, ಅದೇ ವರದಿಯಲ್ಲಿ ಕಾಸರಗೋಡೂ ಇದೆ, ಅದನ್ನು ಹೇಳುವವರು ಕಡಿಮೆ.

ಬೆಳಗಾವಿಯಲ್ಲಂತೂ ಒಂದೇ ಊರಲ್ಲಿ ಎರಡು ದಿನ. ಒಂದು ಕಡೆ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುವವರ ಕಪ್ಪು ಪಟ್ಟಿಯ ಕರಾಳ ದಿನ, ಇನ್ನೊಂದು ಕಡೆ ಚನ್ನಮ್ಮ ವೃತ್ತದಲ್ಲಿ ರಾತ್ರಿವರೆಗೂ ಮುಗಿಯದ ಮೆರವಣಿಗೆ. ಬೆಂಗಳೂರಿನವರು ಟಿವಿಯಲ್ಲಿ ನೋಡುತ್ತಾರೆ, ಅಷ್ಟೇ.

ನಮ್ಮ ಓಣಿಯ ಕ್ರೈಸ್ತರಿಗೆ ಅವತ್ತು ಸಕಲ ಸಂತರ ಹಬ್ಬ, ಮಾರನೇ ದಿನ ಸತ್ತವರ ದಿನ. ಸಮಾಧಿ ತೊಳೆದು ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಆಟೋ ಸ್ಟ್ಯಾಂಡಿನ ಶಾಮಿಯಾನದಲ್ಲಿ ಕೇಸರಿಬಾತ್ ತಿಂದು ಹಾಗೇ ಇಗರ್ಜಿಗೆ ಹೋದವರೂ ಇದ್ದರು. ಮೆಕ್ಸಿಕೋದಲ್ಲಿ 1ನೇ ತಾರೀಕು ತೀರಿಹೋದ ಮಕ್ಕಳಿಗೆ, 2 ದೊಡ್ಡವರಿಗೆ.

ಇದೇ ಹಬ್ಬದ ದಿನದ ಇನ್ನೊಂದು ಸಂಗತಿ ಓದಿ ನಾನು ಒಂದು ಗಳಿಗೆ ಹಾಗೇ ಕೂತುಬಿಟ್ಟೆ. 1954ರ ನವೆಂಬರ್ 1. ಅಲ್ಜೀರಿಯಾದವರು ಫ್ರೆಂಚರ ಮೇಲೆ ಸ್ವಾತಂತ್ರ್ಯ ಯುದ್ಧ ಶುರು ಮಾಡಿದ್ದು ಅವತ್ತು, ಸಂತರ ಹಬ್ಬದ ದಿನ. ಅದು ಮುಗಿಯಲು 1962 ಆಯಿತು, ಲಕ್ಷಗಟ್ಟಲೆ ಜನ ಸತ್ತರು. ಅದೇ ಫ್ರೆಂಚರು ಅದೇ ದಿನ ಪುದುಚೇರಿಯ ಆಡಳಿತವನ್ನು ಗುಂಡು ಹಾರದೆ ಭಾರತಕ್ಕೆ ಬಿಟ್ಟುಕೊಟ್ಟರು. ಅದಕ್ಕೆ ಮೊದಲು ಕಿಳೂರಿನಲ್ಲಿ ಮತ ಹಾಕಿದ 178 ಪ್ರತಿನಿಧಿಗಳಲ್ಲಿ 170 ಮಂದಿ ಭಾರತದ ಕಡೆ. ಪುದುಚೇರಿಯಲ್ಲಿ ಈಗಲೂ ಅದು ವಿಮೋಚನಾ ದಿನ. ನೀನು ರೈಲಿನಲ್ಲಿ ದಾಟುವ ಮಾಹೆ ಇದೆಯಲ್ಲ, ಅದೂ ಪುದುಚೇರಿಗೆ ಸೇರಿದ್ದೇ. ಅಂದರೆ ಮಂಗಳೂರಿಂದ ಕೊಚ್ಚಿಗೆ ಬರುವಷ್ಟರಲ್ಲಿ ನವೆಂಬರ್ 1ರ ಮೂರು ಬೇರೆ ಬೇರೆ ಹಬ್ಬ ನಿನ್ನ ಕಿಟಕಿಯಿಂದ ಹಾದುಹೋಗುತ್ತವೆ.

ಹಾಲು ತುಪ್ಪವನ್ನೂ ಮುಟ್ಟದ ಸಸ್ಯಾಹಾರಿಗಳ ವಿಶ್ವ ವೀಗನ್ ದಿನವೂ ಅವತ್ತೇ. ಇಂಗ್ಲೆಂಡಿನ ವೀಗನ್ ಸೊಸೈಟಿಗೆ ಐವತ್ತು ತುಂಬಿದಾಗ 1994ರಲ್ಲಿ ಶುರು ಮಾಡಿದ್ದು. ನಮ್ಮ ಕೇಸರಿಬಾತ್‌ನಲ್ಲಿ ತುಪ್ಪ ಸುರಿಯುತ್ತಿತ್ತು, ಹಾಗಾಗಿ ಆ ಕಡೆ ನಾವು ಹೋಗಲಿಲ್ಲ.

ಕೊನೆಗೆ ಒಂದು ದೂರು. ಕೇರಳ ಪಿರವಿಗೆ ರಜೆ ಇಲ್ಲ ಅಂತ ನೀನು ಗೋಳಾಡಿದ್ದೀಯ, ನಮಗೆ ಇದೆ ಅಂತ ನಾನೂ ಮೀಸೆ ತಿರುವಿದ್ದೆ. 2026ರಲ್ಲಿ ನವೆಂಬರ್ 1 ಭಾನುವಾರ. ಹೋಯಿತು ನಮ್ಮ ರಜೆ. ನೀನಾದರೂ ಶನಿವಾರ ರಾತ್ರಿ ರೈಲು ಹತ್ತಿ ಬಾ, ಹಾಗೇ ನಿಮ್ಮ ಆಫೀಸಿನಲ್ಲಿ ಕಾಸರಗೋಡಿನವರು ಯಾರಾದರೂ ಇದ್ದರೆ ಅವರನ್ನೂ ಕರೆದುಕೊಂಡು ಬಾ. ಮಾತಾಡಲು ಜಾಸ್ತಿ ಇದೆ.

ನಿನ್ನ,
ಮಂಗಳೂರಿನ ಗೆಳೆಯ